ಡ್ರೈವರ್ ಹುಡುಕುವ ಮೊದಲು

ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಒಂದನ್ನು ಲಿನಕ್ಸ್ ಕಂಪ್ಯೂಟರಿಗೆ ಸಿಕ್ಕಿಸಿ ಸದ್ದೇ ಬರದಿದ್ದಾಗ ಎಲ್ಲರೂ ಮೊದಲು ಹೊರಡುವುದು ಡ್ರೈವರ್ ಹುಡುಕಲು. ಡಬ್ಬದ ಮೇಲೆ ವಿಂಡೋಸ್, ಮ್ಯಾಕ್ ಎಂದಷ್ಟೇ ಇರುತ್ತದೆ. ಅಲ್ಲಿಗೆ ಲಿನಕ್ಸ್‌ಗೆ ಡ್ರೈವರ್ ಇಲ್ಲ ಎಂದು ತೀರ್ಮಾನವೂ ಆಗಿಬಿಡುತ್ತದೆ. ಇದು ನೀರಿಲ್ಲದ ಕಡೆ ಬಾವಿ ತೋಡುವ ಕೆಲಸ ಎಂಬುದು ನಾನು ಇಂಥ ಸಾಧನಗಳ ಜೊತೆ ಹೆಣಗಿ ಕಲಿತದ್ದು. ಬೇಕಾದ ಡ್ರೈವರ್ ಬಹುಪಾಲು ಕರ್ನಲ್‌ನಲ್ಲೇ ಕೂತಿರುತ್ತದೆ. ಯುಎಸ್‌ಬಿ ಆಡಿಯೋ ಕ್ಲಾಸ್ ಎಂಬ ಮಾನದಂಡವನ್ನು ಪಾಲಿಸುವ ಯಾವ ಕಂಪನಿಯ ಸಾಧನಕ್ಕಾದರೂ ಲಿನಕ್ಸ್‌ನ ಧ್ವನಿ ವ್ಯವಸ್ಥೆಯಾದ ಆಲ್ಸಾದ ಒಂದೇ ಮಾಡ್ಯೂಲ್ ಸಾಕು. ಈ ಮಾನದಂಡದ ಎರಡನೆಯ ಆವೃತ್ತಿಯನ್ನು ಲಿನಕ್ಸ್ 2010ರಲ್ಲೇ ಕಲಿತಿತ್ತು. ವಿಂಡೋಸ್‌ನ ಸ್ವಂತ ಡ್ರೈವರ್ ಕಲಿತದ್ದು 2017ರಲ್ಲಿ.

ಹಾಗಾದರೆ ಸದ್ದು ಯಾಕಿಲ್ಲ? ಸಿಕ್ಕಿಸಿದ ಕೂಡಲೇ ಸಾಧನ ತನ್ನ ಕುಲಗೋತ್ರ ಹೇಳಿಕೊಳ್ಳುತ್ತದೆ. ಟರ್ಮಿನಲ್‌ನಲ್ಲಿ ಎಲ್‌ಎಸ್‌ಯುಎಸ್‌ಬಿ ಆಜ್ಞೆಗೆ ವಿವರ ಕೇಳುವ ಆಯ್ಕೆ ಸೇರಿಸಿದರೆ ಅದಷ್ಟನ್ನೂ ಓದಬಹುದು. ಇಂಟರ್‌ಫೇಸ್ ಕ್ಲಾಸ್ 1 ಎಂದಿದ್ದರೆ ಅದು ಆಡಿಯೋ. 255 ಎಂದಿದ್ದರೆ ತಯಾರಕರ ಖಾಸಗಿ ಭಾಷೆ. 1 ಎಂದಿದ್ದೂ ಸದ್ದಿಲ್ಲವೆಂದರೆ, ಸಾಧನ ತನ್ನ ಬಗ್ಗೆ ಎಲ್ಲೋ ಅರೆಬರೆ ಹೇಳಿದೆ ಎಂದೇ ನನ್ನ ಮೊದಲ ಅನುಮಾನ. ಇಂಥ ಅರೆಬರೆ ಮಾತಿನ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡಿ. 44.1 ಕಿಲೋಹರ್ಟ್ಸ್ ಎಂದರೆ ಮಿಲಿಸೆಕೆಂಡಿಗೆ 44.1 ಸ್ಯಾಂಪಲ್. ಮೊದಲ ಆವೃತ್ತಿಯ ಸಾಧನಗಳಿಗೆ ಮಿಲಿಸೆಕೆಂಡಿಗೊಂದು ಪೊಟ್ಟಣ ಹೋಗುತ್ತದೆ, ಸ್ಯಾಂಪಲನ್ನು ಮುರಿದು ಕಳಿಸಲಾಗದು. ಹಾಗಾಗಿ ಒಂಬತ್ತು ಪೊಟ್ಟಣಗಳಲ್ಲಿ 44, ಹತ್ತನೆಯದರಲ್ಲಿ 45. ಆದರೆ ಸಾಧನದ ಗಡಿಯಾರವೂ ಕಂಪ್ಯೂಟರಿನ ಗಡಿಯಾರವೂ ಎಂದೂ ಕರಾರುವಾಕ್ಕಾಗಿ ಹೊಂದುವುದಿಲ್ಲ. ಕೆಲವು ಸಾಧನಗಳು ತಮ್ಮ ವೇಗವನ್ನು ಬೇರೆಯಾಗಿ ತಿಳಿಸುತ್ತವೆ. ಇನ್ನು ಕೆಲವು, ಮೈಕ್‌ನಿಂದ ಎಷ್ಟು ಸ್ಯಾಂಪಲ್ ಬಂತೋ ಅಷ್ಟೇ ಸ್ಪೀಕರಿಗೆ ಕಳಿಸಲಿ ಎಂದು ಸುಮ್ಮನೆ ನಿರೀಕ್ಷಿಸುತ್ತವೆ, ಹಾಗೆಂದು ಬಾಯಿಬಿಟ್ಟು ಹೇಳುವುದಿಲ್ಲ. ಫಲ ಪಟಪಟ ಸದ್ದು, ಇಲ್ಲವೇ ಪೂರ್ತಿ ಮೌನ. ಮಾಡ್ಯೂಲ್ ಲೋಡ್ ಆಗುವಾಗ 'ಇಂಪ್ಲಿಸಿಟ್ ಫೀಡ್‌ಬ್ಯಾಕ್' ಆಯ್ಕೆಯನ್ನು ಒಂದೇ ಸಾಲಿನಲ್ಲಿ ಸೇರಿಸಿದರೆ ಎಷ್ಟೋ ಸಲ ಸಾಧನ ಹಾಡತೊಡಗುತ್ತದೆ. ಹೊಸ ಡ್ರೈವರ್ ಬರೆದದ್ದೇನೂ ಇಲ್ಲ.

ಸಾಮಾನ್ಯ ಬಳಕೆದಾರರು ಇದನ್ನೆಲ್ಲ ಯಾಕೆ ಓದಬೇಕು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಯಾರೋ ಎಲ್ಲೋ ಬರೆದ ಕೋಡ್ ತಂದು ಕಂಪೈಲ್ ಮಾಡುವುದು, ಡಿಸ್ಟ್ರೋವನ್ನೇ ಬದಲಿಸುವುದು ಇದಕ್ಕಿಂತ ಸುಲಭವೇನಲ್ಲ, ಫಲವಂತೂ ಖಾತ್ರಿಯಿಲ್ಲ. ಡ್ರೈವರ್ ಕೊಡುವುದು ತಯಾರಕರ ಹೊಣೆ ಎಂಬ ಇನ್ನೊಂದು ವಾದವನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ತಯಾರಕರ ಡ್ರೈವರ್ ಅವರ ಆಸಕ್ತಿ ಇರುವಷ್ಟು ದಿನ ಬದುಕುತ್ತದೆ, ಆಮೇಲೆ ಚೆನ್ನಾಗಿರುವ ಸಾಧನವೂ ಗುಜರಿಗೆ ಹೋಗುತ್ತದೆ. ಕರ್ನಲ್‌ಗೆ ಸೇರಿದ ತಿದ್ದುಪಡಿ ಎಲ್ಲರಿಗೂ ತಾನಾಗಿ ತಲುಪುತ್ತದೆ. ಫೋಕಸ್‌ರೈಟ್ ಕಂಪನಿಯ ಸ್ಕಾರ್ಲೆಟ್ ಇಂಟರ್‌ಫೇಸ್‌ನ ಎರಡನೆಯ ಪೀಳಿಗೆಯನ್ನೇ ನೋಡಿ: ಅದರ ಒಳಗಿನ ಮಿಕ್ಸರ್ ಲಿನಕ್ಸ್‌ನಿಂದ ಕೈಗೆಟುಕುತ್ತಿರಲಿಲ್ಲ. ಜೆಫ್ರಿ ಬೆನೆಟ್ ಎಂಬ ಡೆವಲಪರ್ ವೈರ್‌ಶಾರ್ಕ್ ಎಂಬ ಸಂವಹನ ದಾಖಲಿಸುವ ತಂತ್ರಾಂಶ ಇಟ್ಟುಕೊಂಡು, ಕಂಪನಿಯ ತಂತ್ರಾಂಶಕ್ಕೂ ಸಾಧನಕ್ಕೂ ನಡೆಯುವ ಮಾತುಕತೆ ಕದ್ದು ಕೇಳಿ ಡ್ರೈವರ್ ಬರೆದರು. 2019ರಲ್ಲಿ ಅದು ಕರ್ನಲ್ 5.4ಕ್ಕೆ ಸೇರಿತು.

ಈ ದಾರಿಗೂ ಕೊನೆಯಿದೆ. ಕ್ಲಾಸ್ 255 ಎಂದಿದ್ದು, ಸಿಕ್ಕಿಸಿದಾಗಲೆಲ್ಲ ತಯಾರಕರ ಫರ್ಮ್‌ವೇರ್ ಬೇಡುವ ಸಾಧನವಾದರೆ, ಬೆನೆಟ್‌ರಷ್ಟು ತಾಳ್ಮೆ ಇಲ್ಲದವರು ಅದನ್ನು ಮಾರಿಬಿಡುವುದೇ ಜಾಣತನ. ಹೊಸದು ಕೊಳ್ಳುವಾಗ ಡಬ್ಬದ ಮೇಲೆ ಲಿನಕ್ಸ್ ಹೆಸರು ಹುಡುಕಬೇಡಿ, ಸಿಗುವುದು ಅಪರೂಪ. ಡ್ರೈವರ್ ಇಲ್ಲದೆ ಐಪ್ಯಾಡ್‌ನಲ್ಲಿ ನಡೆಯುತ್ತದೆಯೇ ಎಂದು ಕೇಳಿ; ನಡೆಯುವುದಾದರೆ ಅದು ಆ ಮಾನದಂಡವನ್ನು ಪಾಲಿಸುವ ಸಾಧನವೆಂದೇ ಸೂಚನೆ. ಇನ್ನು ಇರುವ ಸಾಧನಕ್ಕೇ ಯಾವುದಾದರೂ ಆಯ್ಕೆ ಕೈಗೂಡಿತು ಅನ್ನಿ, ಅದನ್ನು ನಿಮ್ಮ ಲ್ಯಾಪ್‌ಟಾಪಿನಲ್ಲೇ ಬಚ್ಚಿಡಬೇಡಿ. ತಯಾರಕರದ್ದೂ ಉತ್ಪನ್ನದ್ದೂ ಆದ ಸಾಧನದ ಎರಡು ಗುರುತಿನ ಸಂಖ್ಯೆಗಳೊಂದಿಗೆ ಆಲ್ಸಾ ತಂಡಕ್ಕೆ ಬರೆದು ತಿಳಿಸಿ.