ಹುಳುವಿನ ಕಣ್ಣು ಮಸುಕಾಗುವುದೇಕೆ?

ಪ್ರಶ್ನೆ: ನಾನು ಪ್ರೌಢಶಾಲೆಯ ವಿಜ್ಞಾನ ಶಿಕ್ಷಕಿ. ಶಾಲೆಯ ಅಂಗಳದ ಹುಳುಗಳ ಫೋಟೊ ತೆಗೆದು ಮಕ್ಕಳಿಗೆ ತೋರಿಸುವ ಆಸೆ. ಹಳೆಯ ಕ್ಯಾನನ್ ಡಿಎಸ್‌ಎಲ್‌ಆರ್, ಅದರ ಜೊತೆ ಬಂದ 18-55 ಲೆನ್ಸ್ ಇದೆ. ಮ್ಯಾಕ್ರೋ ಲೆನ್ಸ್ ಕೈಗೆಟುಕುವುದಿಲ್ಲ. ರಿವರ್ಸ್ ರಿಂಗ್ ತರಿಸಿ ಲೆನ್ಸ್ ತಿರುಗಿಸಿ ಹಾಕಿದೆ. ನೂರು ತೆಗೆದರೂ ಒಂದೂ ಸರಿಬರಲಿಲ್ಲ, ಎಲ್ಲ ಮಸುಕು. ಹುಳುವನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಟ್ಟರೆ ಅಲುಗಾಡುವುದಿಲ್ಲ ಎನ್ನುತ್ತಾರೆ ಪರಿಚಯದವರು. ಮನಸ್ಸು ಒಪ್ಪುತ್ತಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ಮೇಡಂ, ನಿಮ್ಮ ಮನಸ್ಸು ಹೇಳಿದ್ದೇ ಸರಿ. ಫ್ರಿಜ್ ಖಂಡಿತ ಬೇಡ. ಚಳಿಗೆ ಮರಗಟ್ಟಿದ ಹುಳು ಸಾಯಲೂಬಹುದು. ಬದುಕಿದರೂ ಅದರ ಫೋಟೊದಲ್ಲಿ ಮಕ್ಕಳಿಗೆ ಹುಳುವಿನ ಬದುಕು ಕಾಣುವುದಿಲ್ಲ. ನಿಮ್ಮಲ್ಲಿರುವ ಲೆನ್ಸೇ ಸಾಕು. ಸಾಲದಿರುವುದು ಬೆಳಕು.

ಲೆನ್ಸ್ ತಿರುಗಿಸಿದಾಗ ಕ್ಯಾಮೆರಾದೊಂದಿಗೆ ಅದರ ವಿದ್ಯುತ್ ಸಂಪರ್ಕ ತಪ್ಪುತ್ತದೆ, ಅಪರ್ಚರ್ ಪೂರ್ತಿ ತೆರೆದೇ ಉಳಿಯುತ್ತದೆ. ಆಗ ಇರುವೆಯ ಮೀಸೆ ಸ್ಪಷ್ಟವಾದರೆ ಕಣ್ಣು ಮಸುಕು. ಇದಕ್ಕೊಂದು ಉಪಾಯವಿದೆ. ಮೊದಲು ಲೆನ್ಸನ್ನು ನೇರವಾಗಿಯೇ ಹಾಕಿ, ಎಂ ಮೋಡ್‌ನಲ್ಲಿ ಎಫ್/8 ಇಡಿ. ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಒತ್ತಿ ಹಿಡಿದುಕೊಂಡೇ ಲೆನ್ಸ್ ಕಳಚಿ. ಅಪರ್ಚರ್ ಅಷ್ಟಕ್ಕೇ ನಿಂತುಬಿಡುತ್ತದೆ. ಈಗ ತಿರುಗಿಸಿ ಹಾಕಿ. ಜೂಮ್ 55ರಲ್ಲಿರಲಿ. 18ರ ಕಡೆ ಹೋದಷ್ಟೂ ಹುಳು ದೊಡ್ಡದಾಗುತ್ತದೆ, ಕೈನಡುಕವೂ ಅಷ್ಟೇ ದೊಡ್ಡದಾಗುತ್ತದೆ.

ಎಫ್/8 ಇಟ್ಟರೂ ಸ್ಪಷ್ಟವಾಗಿ ಮೂಡುವ ಪದರ ಒಂದು ಮಿಲಿಮೀಟರಿಗಿಂತ ತೆಳು. ಅದಕ್ಕೇ ಫೋಕಸ್ ರಿಂಗ್ ತಿರುಗಿಸುತ್ತ ಕೂರಬೇಡಿ. ಮೊಣಕೈಗಳನ್ನು ಪಕ್ಕೆಗೊತ್ತಿಕೊಂಡು, ಮೈಯನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ವಾಲಿಸಿ. ಕಣ್ಣು ಹೊಳೆದ ಗಳಿಗೆಯಲ್ಲಿ ಕ್ಲಿಕ್ಕಿಸಿ. ಹತ್ತರಲ್ಲಿ ಒಂದು ಸಿಕ್ಕರೂ ಅದು ಒಳ್ಳೆಯ ಬೆಳೆಯೇ.

ಅಪರ್ಚರ್ ಕಿರಿದಾದಾಗ ಬೆಳಕು ಕಡಿಮೆಯಾಗುತ್ತದೆ. ಅದನ್ನು ಫ್ಲ್ಯಾಶ್‌ನಿಂದ ತುಂಬಿಕೊಳ್ಳಿ. ಶಟರ್ 1/200, ಐಎಸ್‌ಒ 200 ಇಟ್ಟು ಶುರುಮಾಡಿ. ಫ್ಲ್ಯಾಶ್ ಮಿನುಗುವ ಕ್ಷಣ ಎಷ್ಟು ಚಿಕ್ಕದೆಂದರೆ ಕೈನಡುಕ ಚಿತ್ರದಲ್ಲಿ ಕಾಣುವುದೇ ಇಲ್ಲ. ಲೆನ್ಸಿನ ತುದಿಯವರೆಗೂ ಬಿಳಿ ಹಾಳೆಯೊಂದನ್ನು ಬಾಗಿಸಿ ಫ್ಲ್ಯಾಶ್ ಮುಂದೆ ಅಂಟಿಸಿದರೆ ಬೆಳಕು ಮೆದುವಾಗಿ ಹರಡುತ್ತದೆ, ಗುಲಗಂಜಿ ಹುಳುವಿನ ಬೆನ್ನು ಕಣ್ಣು ಕೋರೈಸುವುದಿಲ್ಲ. ಮುಂದೆ ದುಡ್ಡು ಕೂಡಿದಾಗ 50 ಎಂಎಂ ಲೆನ್ಸ್, ವಿದ್ಯುತ್ ಸಂಪರ್ಕವಿರುವ ಎಕ್ಸ್‌ಟೆನ್ಷನ್ ಟ್ಯೂಬ್ ಕೊಳ್ಳಿ. ಒಟ್ಟು 50 ಎಂಎಂ ಟ್ಯೂಬ್ ಸೇರಿಸಿದರೆ ಹುಳು ಸೆನ್ಸರ್ ಮೇಲೆ ನಿಜಗಾತ್ರದಲ್ಲೇ ಮೂಡುತ್ತದೆ. ಅಪರ್ಚರ್‌ಗಾಗಿ ಈ ಕಸರತ್ತೂ ಇರುವುದಿಲ್ಲ.

ಇನ್ನು ಅಲುಗಾಟದ ಮಾತು. ಫ್ರಿಜ್ ಮಾಡುವ ಕೆಲಸವನ್ನು ನಸುಕಿನ ಇಬ್ಬನಿ ಹುಳುವಿಗೆ ನೋವಾಗದಂತೆ ಮಾಡಿಕೊಡುತ್ತದೆ. ಬಿಸಿಲು ತಾಗಿ ಮೈ ಬೆಚ್ಚಗಾಗುವವರೆಗೆ ಏರೋಪ್ಲೇನ್ ಚಿಟ್ಟೆ ಹುಲ್ಲಿನ ತುದಿ ಬಿಟ್ಟು ಕದಲದು. ಶಾಲೆಯ ಗಂಟೆಗೆ ಮುಂಚಿನ ಆ ಹೊತ್ತು ನಿಮ್ಮದಾಗಲಿ.

ಮೊದಲ ಪಾಠಕ್ಕೆ ಕರಿಬೇವಿನ ಗಿಡ ಸಾಕು. ಅದರ ಮೇಲಿನ ಚಿಟ್ಟೆಯ ಮರಿಹುಳು ಎಳೆಯದಿದ್ದಾಗ ಥೇಟ್ ಹಕ್ಕಿಯ ಹಿಕ್ಕೆ, ಬೆಳೆದ ಮೇಲೆ ಎಲೆಯಂತೆ ಹಸಿರು. ಕೆಣಕಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಚಾಚಿ ವಾಸನೆ ಬಿಡುತ್ತದೆ. ಫೋಟೊಗೆ ಅದು ಸೊಗಸು ನಿಜ, ಆದರೆ ಹುಳುವಿಗೆ ಅದು ಭಯ. ಕೊಂಬು ಕಂಡರೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಅದು ಕೊಂಬನ್ನು ಒಳಗೆಳೆದುಕೊಂಡು ಮತ್ತೆ ಎಲೆ ಮೇಯತೊಡಗುವವರೆಗೆ ಕಾಯಿರಿ. ಮಕ್ಕಳಿಗೆ ತೋರಿಸಬೇಕಾದ ಫೋಟೊ ಆಗ ಸಿಗುತ್ತದೆ.