ತೊಗರಿ ಹೋಗುವ ದಾರಿ



ಉದಗೀರದಲ್ಲಿ ಬ್ಯಾಳಿ ಮಿಲ್ಲುಗಳಿವೆ. ಉಮರಗಾ, ನಿಲಂಗಾ ಕಡೆ ಹೊಲದಾಗ ತೊಗರಿ ಬೆಳೀತದ. ನೀವು ತೊಗರಿ ಬೆಳೆಯುವವರಿರಬಹುದು, ಮಿಲ್ಲಿನಲ್ಲಿ ದುಡಿಯುವವರಿರಬಹುದು. ಚೀಲ ಒಳಗೆ ಹೋದ ಮೇಲೆ ಕಾಳು ಯಾವ ದಾರಿ ಹಿಡಿಯುತ್ತದೆ? ಅದನ್ನು ಹಾಳೆಯ ಮೇಲೆ ಬರೆಯಲು ಕಲಿಯೋಣ.

ಗುರುತುಗಳು
ಯಂತ್ರಕ್ಕೆ ಚೌಕ. ಕಾಳು ಸಾಗುವ ದಾರಿಗೆ ಬಾಣ. ಕಾಳು ಕಾಯುವ ಜಾಗಕ್ಕೆ ದುಂಡು.

ದಾರಿ
ಮೊದಲ ಚೌಕ ಜರಡಿ. ಇಲ್ಲಿ ಮಣ್ಣು, ಕಲ್ಲು, ಕಡ್ಡಿ ಬೇರೆಯಾಗುತ್ತವೆ. ಎರಡನೆಯ ಚೌಕ ರೋಲರ್. ಅದರ ಒರಟು ಮೈಗೆ ಉಜ್ಜಿ ಸಿಪ್ಪೆಗೆ ಗೀರು ಬೀಳುತ್ತದೆ. ಆಮೇಲೆ ಕಾಳಿಗೆ ಎಣ್ಣೆ ಸವರಿ ಬಿಸಿಲಿಗೆ ಹರವುತ್ತಾರೆ, ರಾತ್ರಿ ಗುಡ್ಡೆ ಹಾಕುತ್ತಾರೆ. ಇದಕ್ಕೆ ದುಂಡು ಬರೆಯಿರಿ. ಹೀಗೆ ಸಿಪ್ಪೆ ಸಡಿಲಾಗುತ್ತದೆ. ಒಣಗಿದ ಕಾಳು ಮತ್ತೆ ರೋಲರ್‌ಗೆ ಹೋಗುತ್ತದೆ. ಕೊನೆಯ ಜರಡಿಯಲ್ಲಿ ಬ್ಯಾಳಿ, ನುಚ್ಚು, ಹೊಟ್ಟು ಬೇರೆ ಬೇರೆ ಬೀಳುತ್ತವೆ.

ಈಗ ಕೊನೆಯ ಜರಡಿಯಿಂದ ರೋಲರ್‌ಗೆ ಒಂದು ಬಾಣ ಹಿಂದಕ್ಕೆ ಎಳೆಯಿರಿ. ಯಾಕಂದ್ರ ಒಂದೇ ಸಲಕ್ಕೆ ಎಲ್ಲಾ ಕಾಳಿನ ಸಿಪ್ಪೆ ಬಿಡೋದಿಲ್ಲ. ಉಳಿದ ಕಾಳು ಮತ್ತೆ ರೋಲರ್‌ಗೆ ಹೋಗಬೇಕು.

ಎಚ್ಚರಿಕೆ ಎಲ್ಲಿ?
ಈ ಹಿಂದಿನ ಬಾಣದ ಮೇಲೆ ಕಣ್ಣಿಡಿ. ಲಾಟು ಎರಡು, ಆದರೆ ರೋಲರ್ ಒಂದೇ. ಮೊದಲ ಲಾಟಿನ ಕಾಳು ಈ ದಾರಿಯಲ್ಲಿ ಇರುವಾಗಲೇ ಎರಡನೆಯದನ್ನು ಬಿಟ್ಟರೆ, ಒಬ್ಬರ ಮಾಲು ಇನ್ನೊಬ್ಬರ ಚೀಲ ಸೇರುತ್ತದೆ. ಆಮೇಲೆ ಜಗಳ. ಆದ್ದರಿಂದ ಪ್ರತಿ ಚೌಕ, ಪ್ರತಿ ದುಂಡಿನ ಪಕ್ಕ ಲಾಟಿನ ನಂಬರ್ ಬರೆಯಿರಿ. ಬರಿದಾದ ಮೇಲೆ 'ಖಾಲಿ' ಎಂದು ಬರೆಯಿರಿ. ಎಲ್ಲವೂ ಖಾಲಿ ಆದ ಮೇಲೆಯೇ ಮುಂದಿನ ಲಾಟು. ಯಂತ್ರದೊಳಗೆ ಕೈ ಹಾಕುವ ಮೊದಲು ಮೋಟರ್ ಬಂದ್ ಮಾಡಿಸಿ.

ತೂಕದ ಲೆಕ್ಕ
100 ಕಿಲೋ ತೊಗರಿಗೆ ಸಾಮಾನ್ಯವಾಗಿ 70ರಿಂದ 75 ಕಿಲೋ ಬ್ಯಾಳಿ ಬರುತ್ತದೆ. ಉಳಿದದ್ದು ಹೊಟ್ಟು, ನುಚ್ಚು, ಪುಡಿ, ಕಸ. ಒಣಗಿದಾಗಲೂ ತೂಕ ಇಳಿಯುತ್ತದೆ. ಬ್ಯಾಳಿ ಬಹಳ ಕಡಿಮೆ ಬಂದರೆ ಚಿತ್ರ ನೋಡಿ ಕೇಳಿ: ಯಾವ ಬಾಣದಲ್ಲಿ ಉಳಿದಿದೆ?

ನಿಮಗೆ ಗೊತ್ತೆ?
ಔಷಧ, ಬಣ್ಣ ಮಾಡುವ ದೊಡ್ಡ ಕಾರ್ಖಾನೆಗಳೂ ಇಂಥ ಚಿತ್ರ ಬರೆಯುತ್ತವೆ. ಇದಕ್ಕಾಗಿ 1995ರಲ್ಲಿ ಅಮೆರಿಕದಲ್ಲಿ 'ಎಸ್-88' ಎಂಬ ನಿಯಮ ಬಂತು. ಮಾಡುವ ವಿಧಾನವನ್ನು ಬೇರೆ, ಯಂತ್ರವನ್ನು ಬೇರೆ ಬರೆಯಿರಿ ಎನ್ನುತ್ತದೆ ಅದು. ಹೋಳಿಗೆ ಮಾಡುವ ವಿಧಾನ ಒಂದೇ, ಒಲೆ ಯಾವುದಾದರೂ ಆದೀತು, ಹಾಗೆ.

ಅಭ್ಯಾಸ
1. ಹಿಂದಕ್ಕೆ ಬರುವ ಬಾಣ ಯಾಕೆ ಬೇಕು?
2. 200 ಕಿಲೋ ತೊಗರಿಗೆ ಎಷ್ಟು ಬ್ಯಾಳಿ ಬರಬಹುದು?
3. ನಿಮ್ಮೂರಿನ ಹಿಟ್ಟಿನ ಗಿರಣಿಯ ಚಿತ್ರ ಬರೆಯಿರಿ. ಜ್ವಾಳದ ನಂತರ ಗೋಧಿ ಹಾಕಿದರೆ ಹಳೆಯ ಹಿಟ್ಟು ಎಲ್ಲಿ ಉಳಿದಿರುತ್ತದೆ? ಗುರುತು ಮಾಡಿ.