ಕದಲದ ಗೇರು ಕಲಿಸಿದ ಪಾಠ

ಯಂತ್ರದ ರೋಗವನ್ನು ಊಹೆಯಿಂದ ತಿಳಿಯಲಾಗದು. ವಿದ್ಯುತ್ತಿನ ಹಾದಿ ಹಿಡಿದೇ ಹುಡುಕಬೇಕು. ಕಳೆದ ದಸರೆಯ ರಜೆಯಲ್ಲಿ ಇದನ್ನು ನಾನು ಚಿಂತಾಕಿಯ ನಮ್ಮ ಅಂಗಳದಲ್ಲೇ ಕಲಿತೆನು.

ಕಾಕಾ ಬೀದರಿಗೆ ಮರಳಲು ತಮ್ಮ ಆಟೋಮೆಟಿಕ್ ಗೇರಿನ ಕಾರನ್ನು ಸಂಜೆ ಚಾಲೂ ಮಾಡಿದರು. ಗೇರಿನ ಹಿಡಿಕೆ 'ಪಾರ್ಕ್' ಸ್ಥಾನ ಬಿಟ್ಟು ಕದಲಲಿಲ್ಲ.

ಇಂಥ ಕಾರಿನಲ್ಲಿ ಬ್ರೇಕ್ ಒತ್ತದೆ ಹಿಡಿಕೆ ಸರಿಯದಂತೆ ಒಂದು ಬೀಗವಿರುತ್ತದೆ. ಪೆಡಲ್ ಒತ್ತಿದಾಗ ಅದರ ಸ್ವಿಚ್ಚಿನ ಮೂಲಕ ಸೊಲೆನಾಯ್ಡ್ ಎಂಬ ತಂತಿಸುರುಳಿಗೆ ವಿದ್ಯುತ್ ಸಿಗುತ್ತದೆ. ಅದು ಕಾಂತವಾಗಿ ಬೀಗದ ಕೀಲನ್ನು ಸೆಳೆಯುತ್ತದೆ. ಬಹಳ ಕಾರುಗಳಲ್ಲಿ ಹಿಂಬದಿಯ ಬ್ರೇಕ್ ದೀಪಗಳಿಗೂ ಅದೇ ಸ್ವಿಚ್ಚು. ಆದುದರಿಂದ ಮೊದಲು ದೀಪ ನೋಡಬೇಕು. ಅವು ಹತ್ತಿದರೆ ಸೊಲೆನಾಯ್ಡಿನ ಕಡೆ ಹುಡುಕಬೇಕು. ಹತ್ತದಿದ್ದರೆ ಫ್ಯೂಸು, ಆಮೇಲೆ ಸ್ವಿಚ್ಚು.

"ಕಾಕಾ, ಬ್ರೇಕ್ ಒತ್ರಿ" ಎಂದೆನು. ಒಂದು ದೀಪವೂ ಹತ್ತಲಿಲ್ಲ. ಫ್ಯೂಸು ಸರಿಯಿತ್ತು. ಪೆಡಲ್ ಒತ್ತಿರುವಾಗಲೇ 12 ವೋಲ್ಟಿನ ಪರೀಕ್ಷಾದೀಪವನ್ನು ಸ್ವಿಚ್ಚಿಗೆ ತಾಗಿಸಿದೆನು: ಒಳಬರುವ ತಂತಿಯಲ್ಲಿ ಬೆಳಕು, ಹೊರಹೋಗುವ ತಂತಿಯಲ್ಲಿ ಕತ್ತಲೆ. ಸ್ವಿಚ್ಚೇ ಕೆಟ್ಟಿತ್ತು.

ಹಿಡಿಕೆಯ ಪಕ್ಕದ ಸಣ್ಣ ಕಿಂಡಿಯಲ್ಲಿ ಸ್ಕ್ರೂಡ್ರೈವರ್ ಒತ್ತಿ ಬೀಗ ಬಿಡಿಸಬಹುದಿತ್ತು. ಆದರೆ ಕತ್ತಲ ರಸ್ತೆಯಲ್ಲಿ ನಾವು ಬ್ರೇಕ್ ಹಾಕಿದುದು ಹಿಂದಿನ ಲಾರಿಗೆ ತಿಳಿಯುವುದೆಂತು? ಕಾಕಾ ಗೊಣಗಿದರೂ ಆ ರಾತ್ರಿ ಉಳಿದರು. ಮರುದಿನ ಹೊಸ ಸ್ವಿಚ್ಚು ಹಾಕಿದೊಡನೆ ದೀಪವೂ ಹತ್ತಿತು, ಹಿಡಿಕೆಯೂ ಸರಿಯಿತು. ಹಟ ಹಿಡಿದ ಬೀಗವೇ ನಮ್ಮನ್ನು ಎಚ್ಚರಿಸಿತ್ತು.